ತಿಪಟೂರಿನ ಡ್ರಮ್ಮು

ಶಿಷ್ಯನೊಬ್ಬ ಗುರುಗಳನ್ನು ಕೇಳಿದ: "ಗುರುಗಳೇ, ಉಪಕಾರ ಮಾಡಿದವರನ್ನು ದಿನಾ ಬೆಳಿಗ್ಗೆ ನೆನೆಯಬೇಕೆಂದು ಹೇಳಿಕೊಟ್ಟಿದ್ದೀರಿ. ನೆನೆಯುತ್ತೇನೆ. ನೆನೆದಾಗ ಕಣ್ಣು ತುಂಬುತ್ತದೆ. ಆದರೆ ಅವರೇ ಎದುರಿಗೆ ಬಂದು ನಿಂತರೆ ಬೇಸರವಾಗುತ್ತದೆ. ಎರಡರಲ್ಲಿ ಯಾವುದು ನಿಜ?"

ಯಾರ ವಿಷಯ ಎಂದು ಗುರುಗಳು ಕೇಳಿದರು. ಅತ್ತಿಗೆಯ ವಿಷಯ ಎಂದ ಶಿಷ್ಯ. ತಾಯಿಯಿಲ್ಲದ ಅವನನ್ನು ಸಾಕಿದವರು ಅಣ್ಣನ ಹೆಂಡತಿ. ಚಿಕ್ಕಂದಿನಲ್ಲಿ ಅವನಿಗೆ ವಿಷಮಶೀತ ಜ್ವರ ಬಂದಿತ್ತು. ಆಗ ಆಕೆ ತಮ್ಮ ಸ್ವಂತ ಕೂಸನ್ನು ನೆರೆಮನೆಯವರ ಕೈಗೆ ಕೊಟ್ಟು ಇವನ ಹಾಸಿಗೆಯ ಪಕ್ಕ ಕೂತಿದ್ದರು. ಹಣೆಯ ಮೇಲೆ ಒದ್ದೆ ಬಟ್ಟೆ ಹಾಕುವುದು, ಅದು ಬಿಸಿಯಾದೊಡನೆ ತೆಗೆದು ಮತ್ತೆ ಅದ್ದಿ ಹಾಕುವುದು. ಶಿಷ್ಯ ಪ್ರತಿದಿನ ಬೆಳಿಗ್ಗೆ ಕಣ್ಣು ಮುಚ್ಚಿ ನೆನೆಯುತ್ತಿದ್ದದ್ದು ಆ ಒದ್ದೆ ಬಟ್ಟೆಯನ್ನೇ.

ಆ ಅತ್ತಿಗೆ ಹಿಂದಿನ ದಿನ ಆಶ್ರಮಕ್ಕೆ ಬಂದಿದ್ದರು. ಈಗ ಅವರಿಗೆ ಕಿವಿ ಮಂದ. ಹೇಳಿದ್ದನ್ನೇ ಹೇಳುತ್ತಾರೆ. ಮಂಡಿನೋವಿನ ಮಾತು ತೆಗೆದರೆ ಅದು ಮುಗಿಯುವುದಿಲ್ಲ. ಬಸ್ಸಿಳಿದು ಬಂದವರು ಒಂದು ಬಟ್ಟೆಯ ಗಂಟನ್ನು ಅವನ ಕೈಗಿಟ್ಟು ಮಾತು ಶುರು ಮಾಡಿದ್ದರು. ಅವನು ಗಂಟನ್ನು ತನ್ನ ಕೋಣೆಯ ಗೂಡಿನಲ್ಲಿಟ್ಟು, ಪ್ರಾರ್ಥನೆಗೆ ಹೊತ್ತಾಯಿತು ಎಂದು ಹೇಳಿ ಹೊರಟುಬಿಟ್ಟಿದ್ದ. ಪ್ರಾರ್ಥನೆಗೆ ಇನ್ನೂ ಬೇಕಾದಷ್ಟು ಹೊತ್ತಿತ್ತು. ಈಗ ಆಕೆ ಅತಿಥಿಗಳ ಕೋಣೆಯಲ್ಲಿದ್ದರು. ಮಧ್ಯಾಹ್ನದ ಬಸ್ಸಿಗೆ ಹೊರಡುವವರಿದ್ದರು.

"ಆ ಬಸ್ಸು ಯಾವಾಗ ಬರುತ್ತದೋ ಎಂದು ಕಾಯುತ್ತಿದ್ದೇನೆ," ಎಂದ ಶಿಷ್ಯ. "ಹೇಳಿಕೊಳ್ಳಲು ನಾಚಿಕೆಯಾಗುತ್ತದೆ."

ಗುರುಗಳು ಬೈಯಲಿಲ್ಲ. ನಾಚಿಕೆಯನ್ನು ಆಮೇಲೆ ನೋಡಿಕೊಳ್ಳೋಣ, ಮೊದಲು ಕೂತುಕೋ ಎಂದರು. ಹೋದ ವರ್ಷ ನಮ್ಮ ಸಭಾಂಗಣದಲ್ಲಿ ಒಬ್ಬ ಗಾಯಕಿ ಬಂದು ಹಾಡಿದ್ದಳಲ್ಲ, ಆಕೆ ನನಗೊಂದು ಕತೆ ಹೇಳಿದ್ದಳು. ಅರ್ಧ ಆಕೆ ಹೇಳಿದ್ದು, ಅರ್ಧ ನಾನು ಸೇರಿಸಿಕೊಂಡದ್ದು. ಯಾವುದು ಯಾರದು ಎಂದು ನಡುವೆ ಬಾಯಿ ಹಾಕಬೇಡ ಎಂದು ಹೇಳಿ, ಶುರು ಮಾಡಿದರು.

ಒಂದು ವಾದ್ಯಗೋಷ್ಠಿ ಇತ್ತು. ಅದನ್ನು ನಡೆಸುತ್ತಿದ್ದವಳು ಆ ಗಾಯಕಿಯೇ. ಅದರಲ್ಲಿ ಡ್ರಮ್ಮು ಬಾರಿಸುವ ಹಿರಿಯರೊಬ್ಬರಿದ್ದರು. ಎಲ್ಲರೂ ಅವರನ್ನು ಮಾಸ್ಟರು ಎನ್ನುತ್ತಿದ್ದರು. ಇನ್ನೊಬ್ಬ ಸೌಂಡಿನವನು. ಹಾಡುವುದಾಗಲಿ ಬಾರಿಸುವುದಾಗಲಿ ಅವನ ಕೆಲಸವಲ್ಲ. ಸಭಾಂಗಣದ ಹಿಂಭಾಗದಲ್ಲಿ ಮಿಕ್ಸರಿನ ಮುಂದೆ ನಿಂತು, ಯಾರ ಮೈಕು ಎಷ್ಟು ಕೇಳಬೇಕು ಎಂದು ನೋಡಿ ಏರಿಸುವುದು, ಇಳಿಸುವುದು ಅವನ ಕೆಲಸ. ಚೆನ್ನಾಗಿ ಕೇಳಿಸಿದರೆ ಜನ ಗಾಯಕಿಯನ್ನು ಹೊಗಳುತ್ತಾರೆ. ಕೆಟ್ಟದಾಗಿ ಕೇಳಿಸಿದರೆ ಎಲ್ಲರೂ ಒಟ್ಟಿಗೆ ಹಿಂದೆ ತಿರುಗಿ ಇವನನ್ನು ನೋಡುತ್ತಾರೆ. ನಮ್ಮ ಆಶ್ರಮದ ಅಡುಗೆಯವರ ಪಾಡೂ ಇದೇ.

ಸೌಂಡಿನವನಿಗೆ ಮಾಸ್ಟರೆಂದರೆ ಪ್ರಾಣ. ಅದಕ್ಕೆ ಕಾರಣವಿತ್ತು. ಮೊದಲು ಅವನು ಶಾಮಿಯಾನದ ಅಂಗಡಿಯೊಂದರಲ್ಲಿ ವೈರು ಸುತ್ತುವ ಕೆಲಸದಲ್ಲಿದ್ದ. ಒಂದು ಮದುವೆಯಲ್ಲಿ ಎಲ್ಲರೂ ಊಟದ ಪಂಕ್ತಿಗೆ ಓಡಿದಾಗ ಇವನೊಬ್ಬ ಸ್ಪೀಕರಿನ ಮುಂದೆ ತಲೆ ವಾರೆ ಮಾಡಿಕೊಂಡು ಕೇಳುತ್ತ ನಿಂತಿದ್ದ. ಅಂದು ಅಲ್ಲಿ ಬಾರಿಸಲು ಬಂದಿದ್ದ ಮಾಸ್ಟರು ಅದನ್ನು ನೋಡಿದರು. ಇವನಿಗೆ ಕಿವಿ ಇದೆ ಎಂದು ಗಾಯಕಿಗೆ ಹೇಳಿ ಅವನನ್ನು ತಂಡಕ್ಕೆ ಸೇರಿಸಿದರು. ಅವನ ಮೊದಲ ಕಾರ್ಯಕ್ರಮದಲ್ಲೇ ಮೈಕು ಊಳಿಟ್ಟಿತು. ಜನ ಕೂಗಾಡಿದರು. ಅವನಿಗೆ ಯಾವ ಗುಂಡಿ ಯಾವುದೆಂದೇ ತಿಳಿಯದೆ ಹೋಯಿತು. ಆಗ ಮಾಸ್ಟರು ಹಾಡಿನ ನಡುವೆಯೇ ಒಬ್ಬರೇ ಡ್ರಮ್ಮು ಬಾರಿಸಲು ಹೊರಟರು. ಅವನು ಎಲ್ಲವನ್ನೂ ಸರಿಪಡಿಸಿಕೊಳ್ಳುವವರೆಗೆ ಬಾರಿಸುತ್ತಲೇ ಇದ್ದರು. ಜನ ಅದನ್ನೂ ಕಾರ್ಯಕ್ರಮದ ಭಾಗವೆಂದುಕೊಂಡು ಚಪ್ಪಾಳೆ ತಟ್ಟಿದರು. ಅವತ್ತು ಮಾಸ್ಟರು ತನ್ನ ಮಾನ ಉಳಿಸಿದರೆಂಬುದನ್ನು ಸೌಂಡಿನವನು ಮರೆಯಲಿಲ್ಲ.

ಇಲ್ಲಿ ಅವರ ಕಸುಬಿನ ವಿಷಯ ಸ್ವಲ್ಪ ಹೇಳಬೇಕು. ಸಭಾಂಗಣಗಳೆಲ್ಲ ಒಂದೇ ಥರ ಇರುವುದಿಲ್ಲ. ಒಂದರ ಗೋಡೆ ಸದ್ದನ್ನು ನುಂಗುತ್ತದೆ, ಇನ್ನೊಂದರ ಗೋಡೆ ಅದನ್ನು ತಿರುಗಿಸಿ ಎಸೆಯುತ್ತದೆ. ಹಾಗಾಗಿ ಸಂಜೆ ಕಾರ್ಯಕ್ರಮವಿದ್ದರೆ ಮಧ್ಯಾಹ್ನವೇ ಎಲ್ಲರೂ ಬಂದು ಒಬ್ಬೊಬ್ಬರಾಗಿ ಬಾರಿಸಿ ತೋರಿಸಬೇಕು. ಸೌಂಡಿನವನು ಕೇಳಿ ಹದ ಮಾಡಿಕೊಳ್ಳಬೇಕು. ಇದರಲ್ಲಿ ಹೆಚ್ಚು ಕಷ್ಟ ಡ್ರಮ್ಮಿನವರಿಗೆ. ಡ್ರಮ್ಮುಗಳು ಹಲವು, ಒಂದೊಂದಕ್ಕೂ ಒಂದೊಂದು ಮೈಕು. ಹೊಡೀರಿ ಎಂದರೆ ಹೊಡೆಯಬೇಕು. ಸಾಕು ಎನ್ನುವವರೆಗೆ ಅದೊಂದನ್ನೇ ಹೊಡೆಯುತ್ತಿರಬೇಕು. ಮಾಸ್ಟರು ಬೇಸರಪಡುತ್ತಿರಲಿಲ್ಲ. ಒಂದು ಡ್ರಮ್ಮು ಮುಗಿದು ಇನ್ನೊಂದಕ್ಕೆ ಹೋಗುವ ನಡುವೆ ಇಬ್ಬರೂ ಟೀ ಕುಡಿಯುತ್ತಿದ್ದರು, ಹರಟುತ್ತಿದ್ದರು.

ಹೀಗಿರುವಾಗ ಮಾಸ್ಟರ ಮಣಿಕಟ್ಟಿಗೆ ನೋವು ಬಂತು. ವೈದ್ಯರು ನೋಡಿ, ಈ ಕೈಯಲ್ಲಿ ಉಳಿದಿರುವ ಬಲ ಸ್ವಲ್ಪ, ಅದನ್ನು ಸುಮ್ಮನೆ ಪೋಲು ಮಾಡಬೇಡಿ ಎಂದರು. ಮಧ್ಯಾಹ್ನದ ಆ ಸದ್ದಿನ ಪರೀಕ್ಷೆಯಲ್ಲೇ ಅವರ ಕೈ ಸೋತುಹೋಗುತ್ತಿತ್ತು. ಸಂಜೆಯ ಹಾಡಿಗೆ ಏನೂ ಉಳಿಯುತ್ತಿರಲಿಲ್ಲ.

ಸೌಂಡಿನವನು ಇದಕ್ಕೊಂದು ದಾರಿ ಹುಡುಕಿದ. ಅವನ ಹೊಸ ಮಿಕ್ಸರಿನಲ್ಲಿ ಕಾರ್ಯಕ್ರಮ ನಡೆಯುವಾಗ ಪ್ರತಿಯೊಂದು ಮೈಕಿನ ಸದ್ದನ್ನೂ ಬೇರೆಬೇರೆಯಾಗಿ ರೆಕಾರ್ಡ್ ಮಾಡಿಕೊಳ್ಳಬಹುದಿತ್ತು. ಮರುದಿನ ಮುಂದಿನ ಊರಿನ ಸಭಾಂಗಣದಲ್ಲಿ ಅದನ್ನೇ ಹಾಕಿದರಾಯಿತು. ಡ್ರಮ್ಮಿನ ಸದ್ದು ಡ್ರಮ್ಮಿನ ದಾರಿಯಲ್ಲೇ ಬರುತ್ತದೆ, ಕೊಳಲಿನದು ಕೊಳಲಿನ ದಾರಿಯಲ್ಲಿ, ಗಾಯಕಿಯದು ಗಾಯಕಿಯ ದಾರಿಯಲ್ಲಿ. ವೇದಿಕೆಯ ಮೇಲೆ ಒಬ್ಬರೂ ಬೇಡ. ಪ್ರತಿ ಮೈಕಿಗೂ ಒಂದು ಸ್ವಿಚ್ಚು. ಒಂದು ಕಡೆಗೆ ತಿರುಗಿಸಿದರೆ ರೆಕಾರ್ಡಿಂಗು ಕೇಳುತ್ತದೆ. ಇನ್ನೊಂದು ಕಡೆಗೆ ತಿರುಗಿಸಿದರೆ ವೇದಿಕೆಯ ಮೇಲೆ ಈಗ ಕೂತಿರುವವರು ಕೇಳುತ್ತಾರೆ.

ಮೊದಲ ದಿನ ಅವನು ಹೀಗೆ ಮಾಡಿದಾಗ ಆ ಸಭಾಂಗಣದ ಕಾವಲುಗಾರ ಪರದೆಯ ಹಿಂದೆ ಹೋಗಿ, ಯಾರು ಬಾರಿಸುತ್ತಿದ್ದಾರೆಂದು ಹುಡುಕಿ ಬಂದ. ಯಾರೂ ಸಿಗದಿದ್ದಾಗ ದೂರ ಹೋಗಿ ಕೂತ. ಆ ಹೊತ್ತಿಗೆ ಮಾಸ್ಟರು ಲಾಡ್ಜಿನಲ್ಲಿ ನೆಮ್ಮದಿಯಾಗಿ ಮಲಗಿದ್ದರು. ಸಂಜೆ ಎದ್ದು ಬಂದು, ಕೈ ಹಗುರವಾಗಿದೆ, ನಿನ್ನ ಹೊಟ್ಟೆ ತಣ್ಣಗಿರಲಿ ಎಂದರು. ಸೌಂಡಿನವನಿಗೆ ಅಂದು ಊಟ ಮಾಡದೆಯೇ ಹೊಟ್ಟೆ ತುಂಬಿತ್ತು. ಋಣ ತೀರುವಂಥದ್ದಲ್ಲ, ಆದರೂ ತನ್ನಿಂದ ಇಷ್ಟಾದರೂ ಆಯಿತಲ್ಲ ಎಂದುಕೊಂಡ.

ಇಲ್ಲಿಯವರೆಗೆ ಅವನು ಮಾಡಿದ್ದರಲ್ಲಿ ಒಂದೂ ತಪ್ಪಿಲ್ಲ, ಎಂದರು ಗುರುಗಳು. ತಪ್ಪು ಶುರುವಾದದ್ದು ಒಂದು ಒಳ್ಳೆಯ ಕಾರ್ಯಕ್ರಮದಿಂದ.

ತಿಪಟೂರಿನಲ್ಲಿ ಅವರ ಕಾರ್ಯಕ್ರಮವಿತ್ತು. ಯಾಕೋ ಏನೋ, ಅಂದು ಮಾಸ್ಟರ ಕೈಗೆ ನೋವೇ ಇರಲಿಲ್ಲ. ಪ್ರಾಯದಲ್ಲಿ ಬಾರಿಸಿದಂತೆ ಬಾರಿಸಿದರು. ಜನ ಎದ್ದು ನಿಂತರು. ಸೌಂಡಿನವನು ಅದನ್ನು ಎಂದಿನಂತೆ ರೆಕಾರ್ಡ್ ಮಾಡಿಕೊಂಡ. ಮರುದಿನ ಬೇರೆ ಊರಿನ ಖಾಲಿ ಸಭಾಂಗಣದಲ್ಲಿ ಡ್ರಮ್ಮೊಂದನ್ನೇ ಕೇಳಿದ. ಆ ಬಾರಿಸುವಿಕೆಯ ಒಳಗೆ ಏನೇನಿದೆ ಎಂದು ಅವನಿಗೆ ಆಗ ತಿಳಿಯಿತು. ಕಣ್ಣಲ್ಲಿ ನೀರು ಬಂತು. ಇಂಥವರು ನನ್ನ ಕೈ ಹಿಡಿದರಲ್ಲ ಎಂದು ಆ ಕುರ್ಚಿಗಳ ನಡುವೆ ನಿಂತು ಕೈ ಮುಗಿದ.

ಅವರ ಕಸುಬಿನಲ್ಲಿ ಒಂದು ಪದ್ಧತಿ ಇದೆ. ಪರೀಕ್ಷೆಗೆ ಹಾಕಬೇಕಾದದ್ದು ಹಿಂದಿನ ದಿನದ ರೆಕಾರ್ಡಿಂಗು. ದಿನದಿನಕ್ಕೆ ಗಂಟಲು ಬೇರೆ, ಕೈ ಬೇರೆ. ನಿನ್ನೆಯದು ಇವತ್ತಿಗೆ ಹತ್ತಿರ. ಸೌಂಡಿನವನು ಈ ಪದ್ಧತಿಯನ್ನು ಬಿಟ್ಟ. ತಿಪಟೂರಿನದೇ ಚೆನ್ನಾಗಿದೆ, ಅದನ್ನೇ ಹಾಕಿದರಾಯಿತು ಎಂದುಕೊಂಡ. ಯಾವ ಊರಿಗೆ ಹೋದರೂ ಮಧ್ಯಾಹ್ನ ತಿಪಟೂರನ್ನೇ ಹಾಕಿದ. ಅದಕ್ಕೆ ಸರಿಯಾಗಿ ಎಲ್ಲವನ್ನೂ ಹದ ಮಾಡಿದ. ಹಾಗೆ ಹದ ಮಾಡುವಾಗ ಅವನಿಗೆ ತುಂಬ ಸುಖವಾಗುತ್ತಿತ್ತು.

ಮಾಸ್ಟರ ಕೈ ಮಾತ್ರ ತಿಪಟೂರಿನಲ್ಲಿ ನಿಲ್ಲಲಿಲ್ಲ. ದಿನ ಕಳೆದಂತೆ ನೋವು ಹೆಚ್ಚಿತು. ಅವರು ಮೆಲ್ಲಗೆ ಬಾರಿಸುವುದನ್ನು ರೂಢಿ ಮಾಡಿಕೊಂಡರು. ಸಂಜೆ ಅವರು ಬಂದು ಕೂತು ಬಾರಿಸಿದರೆ, ಜೋರಾದ ಹೊಡೆತಕ್ಕೆಂದು ಹದ ಮಾಡಿಟ್ಟ ಮಿಕ್ಸರಿನಲ್ಲಿ ಅದು ಪೇಲವವಾಗಿ ಕೇಳುತ್ತಿತ್ತು. ಸೌಂಡಿನವನು ಡ್ರಮ್ಮಿನ ಮೈಕನ್ನು ಏರಿಸುತ್ತಿದ್ದ. ಏರಿಸಿದರೆ ಪಕ್ಕದ ಗಿಟಾರು, ಕೀಬೋರ್ಡು ಎಲ್ಲ ಆ ಮೈಕಿನೊಳಗೆ ನುಗ್ಗಿ ಗಲಿಬಿಲಿಯಾಗುತ್ತಿತ್ತು. ಅವನಿಗೆ ಸಿಟ್ಟು ಬರುತ್ತಿತ್ತು. ಇವರಿಗೆ ಏನಾಗಿದೆ, ತಿಪಟೂರಿನಲ್ಲಿ ಬಾರಿಸಿದವರು ಇವರೇನಾ ಎಂದುಕೊಳ್ಳುತ್ತಿದ್ದ.

ಟೀ ನಿಂತುಹೋಗಿತ್ತು. ಮಧ್ಯಾಹ್ನ ಮಾಸ್ಟರು ಬರುವುದಿಲ್ಲ, ಸಂಜೆ ಇವನಿಗೆ ಪುರುಸೊತ್ತಿಲ್ಲ. ಮಾಸ್ಟರು ಹತ್ತಿರ ಬಂದು ಏನಾದರೂ ಹೇಳಹೋದರೆ, ಮಾಸ್ಟ್ರೇ ಮೈಕ್ ಮುಟ್ಟಬೇಡಿ, ಹದ ಹಾಳಾಗುತ್ತೆ ಎನ್ನುತ್ತಿದ್ದ. ಮಧ್ಯಾಹ್ನ ಯಾರಿಗೆ ಕೈ ಮುಗಿಯುತ್ತಿದ್ದನೋ ಸಂಜೆ ಅವರ ಮೇಲೇ ರೇಗುತ್ತಿದ್ದ. ಇದು ಅವನಿಗೆ ಗೊತ್ತೇ ಆಗಲಿಲ್ಲ. ಕೇಳಿದ್ದರೆ, ಮಾಸ್ಟರೆಂದರೆ ನನಗೆ ಪ್ರಾಣ ಎಂದೇ ಹೇಳುತ್ತಿದ್ದ. ಅದು ಸುಳ್ಳೂ ಅಲ್ಲ.

ಮಾಸ್ಟರಿಗೆ ಗೊತ್ತಾಗುತ್ತಿತ್ತು. ತಾವು ಕೋಲೆತ್ತಿದೊಡನೆ ಹಿಂಭಾಗದಲ್ಲಿ ಅವನ ಮುಖ ಸಪ್ಪಗಾಗುವುದು ವೇದಿಕೆಯಿಂದಲೇ ಅವರಿಗೆ ಕಾಣುತ್ತಿತ್ತು. ಒಂದು ಊರಿನ ರಾಜ್ಯೋತ್ಸವದ ದಿನ, ಕಾರ್ಯಕ್ರಮಕ್ಕೆ ಮುಂಚೆ, ಅವರು ಪರದೆಯ ಹಿಂದೆ ಗಾಯಕಿಯನ್ನು ಕರೆದು ಹೇಳಿದರು. ನನ್ನಿಂದ ತಂಡದ ಸದ್ದು ಕೆಡುತ್ತಿದೆಯಮ್ಮ. ಅವನ ಕಿವಿ ಸುಳ್ಳು ಹೇಳುವುದಿಲ್ಲ. ನಾಳೆಯಿಂದ ಬೇರೆಯವರನ್ನು ನೋಡಿಕೋ. ಗಾಯಕಿ ಬೇಡವೆಂದಳು. ಮಾಸ್ಟರು ಕೇಳಲಿಲ್ಲ. ಇವತ್ತಿನದು ಮುಗಿಯಲಿ, ಆಮೇಲೆ ಮಾತಾಡೋಣ ಎಂದು ಆಕೆ ಕಣ್ಣೊರೆಸಿಕೊಂಡು ವೇದಿಕೆಯ ಕಡೆ ಹೋದಳು. ಇದು ಸೌಂಡಿನವನಿಗೆ ತಿಳಿಯದು.

ಅವನು ಅಂದು ಮಧ್ಯಾಹ್ನದ ಪರೀಕ್ಷೆ ಮುಗಿಸಿ, ಒಬ್ಬೊಬ್ಬರ ಸ್ವಿಚ್ಚನ್ನೂ ವೇದಿಕೆಯ ಕಡೆಗೆ ತಿರುಗಿಸುತ್ತ ಬಂದಿದ್ದ. ಡ್ರಮ್ಮಿನದು ಬಂದಾಗ, ಇನ್ನೊಂದು ಸಲ ಕೇಳೋಣ ಎನ್ನಿಸಿತು. ಅದನ್ನು ರೆಕಾರ್ಡಿಂಗಿನ ಕಡೆಗೇ ಬಿಟ್ಟು, ಕಿವಿಗೆ ಹೆಡ್‌ಫೋನು ಹಾಕಿಕೊಂಡು ತಿಪಟೂರನ್ನು ಕೇಳಿದ. ಅಷ್ಟರಲ್ಲಿ ಸಂಘಟಕರು ಬಂದು, ಭಾಷಣದ ಮೈಕು ಮಾತಾಡುತ್ತಿಲ್ಲ ಎಂದರು. ರೆಕಾರ್ಡಿಂಗನ್ನು ನಿಲ್ಲಿಸಿ ಅತ್ತ ಓಡಿದ. ಮೈಕು ಮಾತಾಡಿತು. ಅಧ್ಯಕ್ಷರೂ ಮಾತಾಡಿದರು. ಅಧ್ಯಕ್ಷರು ನಿಲ್ಲಿಸುವ ಹೊತ್ತಿಗೆ ಜನಕ್ಕೂ ಸೌಂಡಿನವನಿಗೂ ತಾವು ಯಾಕೆ ಬಂದಿದ್ದೇವೆಂಬುದೇ ಮರೆತುಹೋಗಿತ್ತು. ಡ್ರಮ್ಮಿನ ಸ್ವಿಚ್ಚೂ ಹಾಗೇ ಮರೆತುಹೋಯಿತು.

ಹಾಡು ಶುರುವಾಯಿತು. ಕೊಳಲು ಕೇಳಿತು, ಗಾಯಕಿ ಕೇಳಿದಳು. ಡ್ರಮ್ಮು ಸೇರಿಕೊಳ್ಳುವ ಜಾಗ ಬಂತು. ಮಾಸ್ಟರು ಬಾರಿಸಿದರು. ಮುಂದಿನ ಸಾಲಿನವರಿಗೆ ಟಪಟಪ ಎಂದು ಏನೋ ಕೇಳಿತು. ಹಿಂದಿನವರಿಗೆ ಅದೂ ಇಲ್ಲ.

ಬೇರೆಯವರಾಗಿದ್ದರೆ ಸೌಂಡಿನವನು ಮೊದಲು ತನ್ನ ವೈರು ನೋಡಿಕೊಳ್ಳುತ್ತಿದ್ದ, ಆಮೇಲೆ ಸ್ವಿಚ್ಚು ನೋಡುತ್ತಿದ್ದ. ಅದು ಅವನ ಕೈಗೆ ಬಂದ ಅಭ್ಯಾಸ. ಮಾಸ್ಟರ ವಿಷಯದಲ್ಲಿ ಮಾತ್ರ ಅವನು ಆಗಲೇ ತೀರ್ಮಾನ ಮಾಡಿಕೊಂಡಿದ್ದ. ಕೈ ಪೂರ್ತಿ ಹೋಯಿತು ಇವರದು ಎಂದುಕೊಂಡ. ಮಿಕ್ಸರಿನ ಪಕ್ಕದಲ್ಲಿ ಒಂದು ಸಣ್ಣ ಮೈಕು. ಅದರಲ್ಲಿ ಇವನು ಹೇಳಿದ್ದು ಮಾಸ್ಟರ ಕಿವಿಗೆ ಮಾತ್ರ ಕೇಳುತ್ತದೆ. ಅದನ್ನು ಎತ್ತಿಕೊಂಡು, ಮಾಸ್ಟ್ರೇ ಜೋರಾಗಿ ಎಂದ.

ಮಾಸ್ಟರು ಜೋರಾಗಿ ಹೊಡೆದರು. ಏನೂ ಕೇಳಲಿಲ್ಲ. ಇನ್ನೂ ಜೋರು ಎಂದ. ಇನ್ನೂ ಜೋರಾಗಿ ಹೊಡೆದರು. ಅವನು ಡ್ರಮ್ಮಿನ ಮೈಕನ್ನು ತುದಿಯವರೆಗೂ ಏರಿಸಿದ. ಕಡೆಗೆ ಸಿಟ್ಟು ತಡೆಯದೆ, ಆಗೋದಿಲ್ಲ ಅಂದ್ರೆ ಯಾಕೆ ಬರ್ತೀರಿ ಎಂದುಬಿಟ್ಟ. ವೇದಿಕೆಯ ಮೇಲೆ ಮಾಸ್ಟರು ತಲೆಯೆತ್ತಲಿಲ್ಲ. ತುಟಿ ಕಚ್ಚಿಕೊಂಡು, ಇದ್ದಬದ್ದ ಬಲವನ್ನೆಲ್ಲ ಹಾಕಿ ಹೊಡೆಯುತ್ತಿದ್ದರು.

ಯಾವ ಕೈ ನೋಯಬಾರದೆಂದು ಅವನು ರೆಕಾರ್ಡಿಂಗನ್ನು ತಂದಿದ್ದನೋ, ಆ ಕೈಯನ್ನೇ ಈಗ ಅದೇ ರೆಕಾರ್ಡಿಂಗು ಮುರಿಯುತ್ತಿತ್ತು ಎಂದರು ಗುರುಗಳು. ಶಿಷ್ಯ ತಲೆ ತಗ್ಗಿಸಿದ. ಗುರುಗಳು ಮುಂದುವರಿಸಿದರು.

ಇನ್ನೊಮ್ಮೆ ಏರಿಸಹೋಗಿ ಸೌಂಡಿನವನು ಕೆಳಗೆ ನೋಡಿದ. ಎಲ್ಲರ ಸ್ವಿಚ್ಚಿನ ಮೇಲೂ ವೇದಿಕೆಯ ಹಸಿರು ದೀಪ ಉರಿಯುತ್ತಿತ್ತು. ಡ್ರಮ್ಮಿನ ಸ್ವಿಚ್ಚಿನ ಮೇಲೆ ರೆಕಾರ್ಡಿಂಗಿನ ನೀಲಿ ದೀಪ ಉರಿಯುತ್ತಿತ್ತು. ಮಾಸ್ಟರು ಅಷ್ಟು ಹೊತ್ತು ಹೊಡೆದದ್ದು ಒಂದೂ ಒಳಗೆ ಬಂದಿರಲಿಲ್ಲ. ಬಾಗಿಲು ಹಾಕಿಕೊಂಡಿದ್ದವನು ತಾನೇ.

ಅವನು ಬೆವತುಹೋದ. ಹಿಂದುಮುಂದು ನೋಡದೆ ಸ್ವಿಚ್ಚನ್ನು ತಿರುಗಿಸಿದ. ಮೈಕು ತುದಿಯವರೆಗೆ ಏರಿತ್ತು, ಮಾಸ್ಟರು ಪೂರ್ತಿ ಬಲದಲ್ಲಿ ಹೊಡೆಯುತ್ತಿದ್ದರು. ಸಭಾಂಗಣದಲ್ಲಿ ಸಿಡಿಲು ಬಡಿದಂತಾಯಿತು. ಜನ ಬೆಚ್ಚಿ ಕಿವಿ ಮುಚ್ಚಿಕೊಂಡರು. ಗಾಯಕಿಯ ಹಾಡು ನಿಂತಿತು.

ಮಾಸ್ಟರಿಗೆ ಎಲ್ಲ ತಿಳಿಯಿತು. ಎಷ್ಟೋ ವರ್ಷ ವೇದಿಕೆಯ ಮೇಲೆ ಕಳೆದವರಿಗೆ ಇಂಥದ್ದು ಹೇಳಿಕೊಡಬೇಕಾಗಿಲ್ಲ. ಅವರು ಕೋಲುಗಳನ್ನು ಬಿಸಾಡಿ ಎದ್ದುಹೋಗಬಹುದಿತ್ತು, ಯಾರೂ ತಪ್ಪು ಎನ್ನುತ್ತಿರಲಿಲ್ಲ. ಅವರು ಬಾರಿಸುವುದನ್ನು ನಿಲ್ಲಿಸಲಿಲ್ಲ. ಸೌಂಡಿನವನ ಮೊದಲ ಕಾರ್ಯಕ್ರಮದಲ್ಲಿ ಬಾರಿಸಿದ ಹಾಗೆಯೇ ಒಬ್ಬರೇ ಬಾರಿಸುತ್ತಾ, ಹೊಡೆತವನ್ನು ಸ್ವಲ್ಪಸ್ವಲ್ಪವಾಗಿ ಇಳಿಸುತ್ತಾ ಬಂದರು. ಇತ್ತ ಸೌಂಡಿನವನೂ ಮೈಕನ್ನು ಇಳಿಸುತ್ತಾ ಬಂದ. ಎರಡೂ ನಡುವೆ ಎಲ್ಲೋ ಒಂದು ಕಡೆ ಕೂಡಿದವು. ಅಲ್ಲಿ ಗಾಯಕಿ ಹಾಡನ್ನು ಎತ್ತಿಕೊಂಡಳು. ಜನ ಇದೂ ಕಾರ್ಯಕ್ರಮದ ಭಾಗವೆಂದುಕೊಂಡು ಚಪ್ಪಾಳೆ ತಟ್ಟಿದರು. ಜನ ಒಳ್ಳೆಯವರು.

ಆಮೇಲಿನ ಹಾಡುಗಳಲ್ಲಿ ಸೌಂಡಿನವನು ಮಾಸ್ಟರನ್ನು ಕೇಳಿದ. ತಿಪಟೂರಿನ ಪಕ್ಕದಲ್ಲಿಟ್ಟು ಅಳೆಯಲಿಲ್ಲ, ಸುಮ್ಮನೆ ಕೇಳಿದ. ಕೈಯಲ್ಲಿ ಬಲವಿಲ್ಲದವರು ಹೊಡೆತಗಳನ್ನು ಬಿಟ್ಟುಬಿಟ್ಟು ಇಡುತ್ತಿದ್ದರು. ಗಾಯಕಿ ಉಸಿರು ತೆಗೆದುಕೊಳ್ಳುವ ಕಡೆಯಲ್ಲೆಲ್ಲ ಜಾಗ ಬಿಡುತ್ತಿದ್ದರು. ಗಾಯಕಿಗೂ ವಯಸ್ಸಾಗುತ್ತಿತ್ತು. ಮಾಸ್ಟರು ಹೀಗೆ ಬಾರಿಸಲು ಶುರು ಮಾಡಿದ ಮೇಲೆಯೇ ನನಗೆ ದೊಡ್ಡ ಹಾಡುಗಳನ್ನು ಹಾಡಲು ಧೈರ್ಯ ಬಂದದ್ದು ಎಂದು ಆಕೆಯೇ ನನಗೆ ಹೇಳಿದಳು. ಇಷ್ಟು ದಿನ ದಿನವೂ ನಡೆಯುತ್ತಿದ್ದ ಈ ಉಪಕಾರ ಸೌಂಡಿನವನ ಕಿವಿಗೆ ಬಿದ್ದಿರಲಿಲ್ಲ. ಅವನು ಮಿಕ್ಸರಿನ ಮೇಲೆ ಬಾಗಿ ಅತ್ತ. ಕತ್ತಲೆಯಿದ್ದದ್ದರಿಂದ ಯಾರಿಗೂ ಕಾಣಲಿಲ್ಲ.

ಕಾರ್ಯಕ್ರಮ ಮುಗಿದ ಮೇಲೆ ಅವನು ವೇದಿಕೆಯ ಹಿಂದೆ ಹೋದ. ಮಾಸ್ಟರು ಒಂದು ಬಕೆಟ್ಟಿನಲ್ಲಿ ಬಿಸಿನೀರಿಟ್ಟುಕೊಂಡು ಕೈ ಅದ್ದಿಕೊಂಡು ಕೂತಿದ್ದರು. ಗಾಯಕಿ ಪಕ್ಕದಲ್ಲಿದ್ದಳು. ಮಾಸ್ಟರು ತಂಡ ಬಿಡುವ ಮಾತಾಡಿದ್ದಾರೆಂದು ಅವನಿಗೆ ಹೇಳಿದವಳು ಆಕೆಯೇ. ಅವನು ನೆಲದ ಮೇಲೆ ಕೂತ. ಮಾಸ್ಟರ ಕೈಯನ್ನು ನೀರಿನಿಂದೆತ್ತಿ ತನ್ನ ಟವೆಲಿನಲ್ಲಿ ಒರೆಸಿದ. ಇಷ್ಟು ಹೇಳಿದ:

"ಆ ತಿಪಟೂರಿಂದನ್ನ ಅಳಿಸಿಹಾಕ್ತೀನಿ ಮಾಸ್ಟ್ರೇ."

ಮಾಸ್ಟರು ನಕ್ಕುಬಿಟ್ಟರು.

"ಯಾಕಪ್ಪ ಅಳಿಸ್ತೀಯ? ಅದನ್ನ ನಮ್ಮನೆಯವಳಿಗೆ ಕೊಡು, ಕೇಳಿ ಸಂತೋಷಪಡ್ತಾಳೆ. ತಿಪಟೂರಲ್ಲಿ ಬಾರಿಸಿದೋನೂ ನಾನೇ ಕಣೋ. ಅವನು ಚೆನ್ನಾಗವನೆ, ಅವನಿಗೆ ನಿನ್ನಿಂದ ಏನೂ ಆಗಬೇಕಾಗಿಲ್ಲ. ಇವತ್ತು ಬಂದು ಕೂತ್ಕೊಂಡೋನಿಗೆ ನಿನ್ನ ಮೈಕ್ ಬೇಕು."

ಅಂದಿನಿಂದ ಸೌಂಡಿನವನು ಪದ್ಧತಿಯನ್ನು ಮೀರಲಿಲ್ಲ. ಮಧ್ಯಾಹ್ನ ಎಂದಿನಂತೆ ರೆಕಾರ್ಡಿಂಗನ್ನೇ ಹಾಕುತ್ತಿದ್ದ, ಮಾಸ್ಟರು ಎಂದಿನಂತೆ ಮಲಗುತ್ತಿದ್ದರು. ಆದರೆ ಹಾಕುತ್ತಿದ್ದದ್ದು ಹಿಂದಿನ ದಿನದ್ದು. ನಿನ್ನೆ ಕೈ ಸೋತಿದ್ದರೆ ಸೋತ ಕೈಗೆ ತಕ್ಕ ಹಾಗೆ ಹದ ಮಾಡುತ್ತಿದ್ದ. 

ಸಂಜೆ ಮಾಸ್ಟರು ಬಂದೊಡನೆ ಎರಡು ಲೋಟ ಟೀ ತಂದು ಡ್ರಮ್ಮಿನ ಪಕ್ಕದಲ್ಲಿ ಕೂರುತ್ತಿದ್ದ. ಟೀ ಮುಗಿದ ಮೇಲೆ, ಒಂದೇ ಒಂದು ಏಟು ಮಾಸ್ಟ್ರೇ, ಮೆಲ್ಲಗೆ ಎನ್ನುತ್ತಿದ್ದ. ಮಾಸ್ಟರು ಬೆರಳಿನಿಂದ ಡ್ರಮ್ಮನ್ನು ತಟ್ಟುತ್ತಿದ್ದರು. ಹಸಿರು ದೀಪವನ್ನು ಅವನು ಅದಕ್ಕೆ ಮುಂಚೆಯೇ ನೋಡಿಕೊಂಡು ಬಂದಿರುತ್ತಿದ್ದ. ಆದರೂ ಆ ಏಟನ್ನು ಕೇಳದೆ ಅವನು ಕಾರ್ಯಕ್ರಮ ಶುರು ಮಾಡುತ್ತಿರಲಿಲ್ಲ. ಮಾಸ್ಟರು ತಂಡ ಬಿಡುವ ಮಾತನ್ನು ಮತ್ತೆ ಎತ್ತಲಿಲ್ಲ. ಹೋದ ವರ್ಷ ನಮ್ಮಲ್ಲಿಗೂ ಬಂದಿದ್ದರು. ಮೂಲೆಯಲ್ಲಿ ಕೂತು, ಸದ್ದಾಗದಂತೆ ಬಾರಿಸಿ ಹೋದರು. ನೀನು ನೋಡಿರಲಿಕ್ಕಿಲ್ಲ, ಹಾಡು ಕೇಳುತ್ತ ನಿನ್ನ ಕಣ್ಣು ಮುಚ್ಚಿತ್ತು.

ಕತೆ ಮುಗಿಯಿತು. ಶಿಷ್ಯ ಕೇಳಿದ: "ಹಾಗಾದರೆ ಬೆಳಿಗ್ಗೆ ನೆನೆಯುವುದನ್ನು ಬಿಡಬೇಕೇ, ಗುರುಗಳೇ?"

ಯಾಕೆ ಬಿಡುತ್ತೀಯ ಎಂದರು ಗುರುಗಳು. ರೆಕಾರ್ಡಿಂಗು ಇಲ್ಲದಿದ್ದರೆ ಮಾಸ್ಟರ ಕೈ ಎಂದೋ ಹೋಗಿರುತ್ತಿತ್ತು. ಆ ಒದ್ದೆ ಬಟ್ಟೆಯನ್ನು ಜೋಪಾನವಾಗಿಟ್ಟುಕೋ, ನಿನ್ನನ್ನು ಬದುಕಿಸಿದ ಬಟ್ಟೆ ಅದು. ನೆನೆದಾಗ ಕಣ್ಣು ತುಂಬಿದರೆ ತುಂಬಲಿ, ಅದೂ ನಿಜವೇ. ಆದರೆ ದಿನದ ಕೆಲಸಕ್ಕೆ ನಿನ್ನೆಯದು ಬೇಕು. ಶಿಷ್ಯನ ಮನಸ್ಸು ಹಗುರವಾಯಿತು. ಕಣ್ಣೊರೆಸಿಕೊಂಡು ಗುರುಗಳ ಪಾದ ಮುಟ್ಟಿದ. ಇನ್ನು ಹಾಗೆಯೇ ಮಾಡುತ್ತೇನೆ, ನಾಳೆ ಬೆಳಿಗ್ಗೆಯಿಂದಲೇ ನಿನ್ನೆಯದನ್ನು ನೆನೆಯುತ್ತೇನೆ ಎಂದ.

ಗುರುಗಳು ಕೂತಿದ್ದ ಚಾಪೆಯನ್ನು ಸುತ್ತುತ್ತ ಕೇಳಿದರು: "ನಿನ್ನೆ ನಿಮ್ಮ ಅತ್ತಿಗೆ ತಂದ ಗಂಟಿನಲ್ಲಿ ಏನಿತ್ತು?"

ಗಂಟನ್ನು ಇನ್ನೂ ಬಿಚ್ಚಿಯೇ ಇರದ ಶಿಷ್ಯ ತನ್ನ ಕೋಣೆಯ ಗೂಡಿನ ಕಡೆಗೆ ಹೊರಟ.